ಗೇಮ್ ಮುಗೀತು, ಕೊಳ್ಳುವವರು ಎಲ್ಲಿ? ಸ್ಟೀಮ್, ಇಚ್ ಅಂಗಡಿಗಳಲ್ಲಿ ನಿಮ್ಮ ಆಟ, ಅಸೆಟ್ ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ

"ಒಂದು ವರ್ಷ ಕೂತು ಗೇಮ್ ಮಾಡಿದೆ ಸರ್. ಹೋದ ವಾರ ಹಾಕಿದೆ. ಹನ್ನೊಂದು ಜನ ನೋಡಿದ್ದಾರೆ, ಅದರಲ್ಲಿ ನಾಲ್ಕು ಸಲ ನಾನೇ. ಈಗ ಪ್ರಚಾರ ಹೇಗೆ ಮಾಡೋದು?"

ಹೆಚ್ಚುಕಮ್ಮಿ ಇದೇ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಆ ಪ್ರಶ್ನೆಯಲ್ಲಿ ನನಗೆ ಚುಚ್ಚುವುದು "ಈಗ" ಅನ್ನುವ ಪದ. ಆನ್‌ಲೈನ್ ಅಂಗಡಿ ಯಾವ ಆಟದ ಮುಂದೆ ಆಗಲೇ ನಾಲ್ಕು ಜನ ನಿಂತಿದ್ದಾರೋ ಅದನ್ನೇ ಇನ್ನೂ ನಲವತ್ತು ಜನರಿಗೆ ತೋರಿಸುತ್ತದೆ. ಜಾತ್ರೆಯಲ್ಲಿ ಗುಂಪು ಕಂಡ ಕಡೆಗೇ ಜನ ನುಗ್ಗುತ್ತಾರಲ್ಲ, ಹಾಗೆ. ಆ ಮೊದಲ ನಾಲ್ಕು ಜನರನ್ನು ತಂದು ನಿಲ್ಲಿಸುವುದು ನಿಮ್ಮ ಕೆಲಸ. ಅದು ಬಿಡುಗಡೆಗೆ ತಿಂಗಳುಗಳ ಮೊದಲೇ ಆಗಬೇಕು. ಕೆಳಗಿನ ಹಂತಗಳೆಲ್ಲ ಇದರ ಸುತ್ತಲೇ ಇವೆ.

ಇದು ಕಂಪ್ಯೂಟರ್ ಗೇಮ್ ಮಾರುವವರಿಗೆ. ಜೊತೆಗೆ ಅಸೆಟ್ ಮಾರುವವರಿಗೂ ಹೌದು. ಅಸೆಟ್ ಅಂದರೆ ಬೇರೆಯವರು ತಮ್ಮ ಗೇಮಿನಲ್ಲಿ ಬಳಸಿಕೊಳ್ಳುವ ಸಾಮಗ್ರಿ: ಚಿತ್ರ, 3ಡಿ ಮಾದರಿ, ಸದ್ದು, ಸಂಗೀತ, ಫಾಂಟ್, ಕೋಡ್. ಮೊಬೈಲ್ ಗೇಮಿನ ವಿಷಯ ಇಲ್ಲಿ ಮುಟ್ಟುವುದಿಲ್ಲ. ಅಲ್ಲಿ ಜಾಹೀರಾತಿಗೆ ದುಡ್ಡು ಸುರಿಯುವವರ ಜೊತೆ ಪೈಪೋಟಿ, ಆ ಲೆಕ್ಕವೇ ಬೇರೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಕನಿಷ್ಠ ಹತ್ತು ನಿಮಿಷ ಆಡಲು ಬರುವ ಗೇಮ್, ಪೂರ್ತಿ ಮುಗಿದಿರಬೇಕಿಲ್ಲ. ಪ್ಯಾನ್ ಕಾರ್ಡ್. ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಅದರ ಸ್ವಿಫ್ಟ್ ಕೋಡ್. ಇದು ಹೊರದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಗುರುತು. ಎಲ್ಲ ಶಾಖೆಗಳಿಗೂ ಇರುವುದಿಲ್ಲ, ಯಾವ ಕೋಡ್ ಕೊಡಬೇಕೆಂದು ಬ್ಯಾಂಕಿನಲ್ಲೇ ಕೇಳಿ. ಮತ್ತೆ ವಾರಕ್ಕೆ ನಾಲ್ಕೈದು ಗಂಟೆ. ಕೊನೆಯದು ಸಿಗದವರೇ ಜಾಸ್ತಿ.

1. ಅಂಗಡಿ ಆರಿಸಿಕೊಳ್ಳಿ

ಇಚ್.ಐಒ 2013ರಲ್ಲಿ ಶುರುವಾದ ಅಂಗಡಿ. ಇಲ್ಲಿ ಪುಟ ತೆರೆಯಲು ಒಂದು ಪೈಸೆಯೂ ಬೇಡ. ನಿಮ್ಮ ಮಾರಾಟದಲ್ಲಿ ಅಂಗಡಿಗೆ ಎಷ್ಟು ಪಾಲು ಅನ್ನುವುದನ್ನೂ ನೀವೇ ಗೊತ್ತು ಮಾಡಬಹುದು. ಸುಮ್ನೆ ಬಿಟ್ಟರೆ 10%. ಹಣ ಸಾಗಿಸುವ ಕಂಪನಿಯ ಶುಲ್ಕ ಬೇರೆ. ಗೇಮ್ ಮತ್ತು ಅಸೆಟ್ ಎರಡನ್ನೂ ಇಲ್ಲಿ ಮಾರಬಹುದು.

ಸ್ಟೀಮ್‌ನಲ್ಲಿ ಪ್ರತಿ ಗೇಮಿಗೆ 100 ಡಾಲರ್ ಕಟ್ಟಬೇಕು. 2017ರ ಜೂನ್‌ನಲ್ಲಿ ಬಂದ ಸ್ಟೀಮ್ ಡೈರೆಕ್ಟ್ ಪದ್ಧತಿ ಇದು. ಮಾರಾಟ 1,000 ಡಾಲರ್ ದಾಟಿದರೆ ಆ ನೂರು ವಾಪಸ್ ಬರುತ್ತದೆ. ಮಾರಾಟದಲ್ಲಿ ಸ್ಟೀಮ್ ಪಾಲು 30%. ಒಂದು ಕೋಟಿ ಡಾಲರ್ ಮಾರಿದ ಮೇಲೆ ಪಾಲು ಇಳಿಯುತ್ತದೆ, ಅದು ನಮಗೆ ಸಂಬಂಧವಿಲ್ಲದ ಮಾತು.

ಒಂದು ಸಣ್ಣ ಲೆಕ್ಕ ನೋಡಿ. 5 ಡಾಲರ್ ಬೆಲೆಯ ಗೇಮ್ ನೂರು ಪ್ರತಿ ಹೋಯಿತು ಎಂದುಕೊಳ್ಳಿ. 500 ಡಾಲರ್. ಸ್ಟೀಮ್ ಪಾಲು 150 ಹೋಯಿತು, 350 ಉಳಿಯಿತು. ಕಟ್ಟಿದ 100 ಇನ್ನೂ ವಾಪಸ್ ಬಂದಿಲ್ಲ. ಕೈಗೆ ಬಂದದ್ದು 250. ವಾಪಸ್ ಮಾಡಿದ ಪ್ರತಿಗಳು, ಆಯಾ ದೇಶದ ಮಾರಾಟ ತೆರಿಗೆ ಕಳೆದರೆ ಇನ್ನೂ ಕಡಿಮೆ. ನೂರು ಪ್ರತಿ ಮಾರುವುದೂ ಸುಲಭವಲ್ಲ. ಆದ್ದರಿಂದ ಮೊದಲ ಗೇಮ್, ಒಂದೆರಡು ತಿಂಗಳಲ್ಲಿ ಮಾಡಿದ ಸಣ್ಣ ಗೇಮ್ ಆದರೆ ಇಚ್ ಸಾಕು. ಎರಡು ಮೂರು ಗಂಟೆ ಆಡಿಸುವ, ಜನ ದುಡ್ಡು ಕೊಟ್ಟು ಆಡುವಂಥ ಗೇಮ್ ಆದಾಗ ಸ್ಟೀಮ್‌ಗೆ ಹೋಗಿ.

ಅಸೆಟ್‌ಗೆ ಇಚ್ ಜೊತೆ ಇನ್ನೆರಡು ಅಂಗಡಿಗಳಿವೆ. ಯೂನಿಟಿ ಒಂದು ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್; ಅದರ ಅಂಗಡಿ ಯೂನಿಟಿ ಅಸೆಟ್ ಸ್ಟೋರ್ 30% ಇಟ್ಟುಕೊಳ್ಳುತ್ತದೆ. ಎಪಿಕ್ ಕಂಪನಿ 2024ರ ಅಕ್ಟೋಬರ್‌ನಲ್ಲಿ ತೆರೆದ ಫ್ಯಾಬ್ 12% ಇಟ್ಟುಕೊಳ್ಳುತ್ತದೆ.

2. ಕಾಗದಪತ್ರ ಮೊದಲೇ ಮುಗಿಸಿ

ಬೇಜಾರಿನ ಕೆಲಸ, ಬೇಗ ಮುಗಿಸೋಣ. ಸ್ಟೀಮ್, ಇಚ್ ಎರಡೂ ಅಮೆರಿಕದ ಕಂಪನಿಗಳು. ಅಲ್ಲಿನ ತೆರಿಗೆಗಾಗಿ ಡಬ್ಲ್ಯೂ-8ಬೆನ್ ಅನ್ನುವ ಅರ್ಜಿ ತುಂಬಿಸುತ್ತಾರೆ. "ನಾನು ಅಮೆರಿಕದವನಲ್ಲ, ಭಾರತದಲ್ಲಿ ತೆರಿಗೆ ಕಟ್ಟುತ್ತೇನೆ" ಎಂದು ಹೇಳುವ ಕಾಗದ ಅದು. ತೆರಿಗೆ ಸಂಖ್ಯೆ ಕೇಳಿದ ಕಡೆ ಪ್ಯಾನ್ ಹಾಕಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಲಾಭ ಬೇಕೆಂದು ಗುರುತು ಹಾಕುವುದನ್ನು ಮರೆಯಬೇಡಿ. ಹಾಕಿದರೆ ಅಮೆರಿಕದಲ್ಲಿ ಆದ ಮಾರಾಟದ ರಾಯಲ್ಟಿಗೆ 15% ಕಡಿತ, ಇಲ್ಲದಿದ್ದರೆ 30%.

ಎಡವುವ ಜಾಗ: ಹೆಸರು. ಪ್ಯಾನ್‌ನಲ್ಲಿ ತಂದೆಯ ಹೆಸರು ಕೊನೆಯಲ್ಲಿ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್, ಅಂಗಡಿಯ ಖಾತೆಯಲ್ಲಿ ಊರಿನ ಹೆಸರೂ ಸೇರಿ ಮೂರೂ ಬೇರೆ ಬೇರೆ ಇದ್ದರೆ ಹಣ ಮಧ್ಯದಲ್ಲೇ ನಿಲ್ಲುತ್ತದೆ. ನಮ್ಮ ಕಡೆಯವರಿಗೆ ಇದು ಮಾಮೂಲಿ ತಲೆನೋವು. ಮೊದಲೇ ಒಂದೇ ರೀತಿ ಮಾಡಿಸಿಕೊಳ್ಳಿ. ಬಂದ ಹಣಕ್ಕೆ ಇಲ್ಲಿನ ಆದಾಯ ತೆರಿಗೆ, ಜಿಎಸ್‌ಟಿ ಬಗ್ಗೆ ಒಬ್ಬ ಸಿಎ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ. ಬ್ಯಾಂಕ್ ಕೊಡುವ ವಿದೇಶಿ ಹಣದ ರಸೀದಿಗಳನ್ನು ಎತ್ತಿಡಿ.

3. ಪುಟ ಕಟ್ಟಿ, ಗೇಮ್ ಮುಗಿಯುವ ಮೊದಲೇ

ಸ್ಟೀಮ್‌ನಲ್ಲಿ ದುಡ್ಡು ಕಟ್ಟಿದ 30 ದಿನದ ಒಳಗೆ ಗೇಮ್ ಬಿಡುಗಡೆ ಮಾಡಲು ಬಿಡುವುದಿಲ್ಲ. "ಶೀಘ್ರದಲ್ಲೇ ಬರಲಿದೆ" ಪುಟ ಕನಿಷ್ಠ ಎರಡು ವಾರ ಎಲ್ಲರಿಗೂ ಕಾಣುವಂತೆ ಇರಬೇಕು. ಇದು ಅವರ ಕನಿಷ್ಠ ನಿಯಮ. ನನ್ನ ಸಲಹೆ ಆರು ತಿಂಗಳು. ಗೇಮಿನ ಒಂದು ಹಂತ ನೋಡಲು ಚೆನ್ನಾಗಿ ಬಂದ ದಿನವೇ ಪುಟ ತೆರೆಯಿರಿ.

ಮೊದಲು ಕ್ಯಾಪ್ಸೂಲ್. ಅಂಗಡಿಯ ಪಟ್ಟಿಗಳಲ್ಲಿ ನಿಮ್ಮ ಗೇಮಿನ ಮುಖವಾಗಿ ಕಾಣುವ ಚಿತ್ರಕ್ಕೆ ಈ ಹೆಸರು. ಸ್ಟೀಮ್ ಇದನ್ನು ಹಲವು ಅಳತೆಗಳಲ್ಲಿ ಕೇಳುತ್ತದೆ: ಪುಟದ ಮೇಲ್ಭಾಗದ ಹೆಡರ್‌ಗೆ 920×430, ಚಿಕ್ಕದಕ್ಕೆ 462×174, ಉದ್ದನೆಯದಕ್ಕೆ 748×896 ಪಿಕ್ಸೆಲ್. ಇಚ್‌ನಲ್ಲಿ ಒಂದೇ ಮುಖಚಿತ್ರ, 630×500. ದೊಡ್ಡ ಪರದೆಯಲ್ಲಿ ಚಂದ ಕಾಣುವಂತೆ ಮಾಡಿ, ಅದನ್ನೇ ಕುಗ್ಗಿಸಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಚಿಕ್ಕ ಕ್ಯಾಪ್ಸೂಲ್ ಕೆಲವು ಕಡೆ 120×45 ಅಳತೆಗೂ ಇಳಿಯುತ್ತದೆ. ಬೆಂಕಿಪೊಟ್ಟಣದ ಮೇಲಿನ ಚಿತ್ರಕ್ಕಿಂತ ಚಿಕ್ಕದು. ಅಲ್ಲಿ ಗೇಮಿನ ಹೆಸರು ಓದಲು ಬರಬೇಕು, ಅಷ್ಟೇ. ನಾಯಕ, ಖಳನಾಯಕ, ಕುದುರೆ, ಸೂರ್ಯಾಸ್ತ ಎಲ್ಲ ತುರುಕಬೇಡಿ.

ಪರೀಕ್ಷೆ ಸುಲಭ. ಸ್ಟೀಮ್‌ನ ಯಾವುದಾದರೂ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರ ಮಧ್ಯೆ ನಿಮ್ಮ ಚಿತ್ರ ಅಂಟಿಸಿ. ಗೇಮ್ ಗೊತ್ತಿಲ್ಲದ ಯಾರಿಗಾದರೂ ಮೂರು ಸೆಕೆಂಡ್ ತೋರಿಸಿ, "ಇದು ಯಾವ ಥರದ ಆಟ?" ಎಂದು ಕೇಳಿ. ಉತ್ತರ ತಪ್ಪಾದರೆ ಚಿತ್ರ ಬದಲಿಸಿ. ಪ್ರಚಾರಕ್ಕೆ ಇಟ್ಟ ದುಡ್ಡಿದ್ದರೆ ಅದನ್ನು ಜಾಹೀರಾತಿಗೆ ಹಾಕುವ ಬದಲು ಒಬ್ಬ ಒಳ್ಳೆಯ ಚಿತ್ರಕಾರರಿಗೆ ಕೊಡಿ. ಇದೊಂದು ವಿಷಯದಲ್ಲಿ ನಾನು ಹಟಮಾರಿ. ಇನ್ನೊಂದು ನಿಯಮ ನೆನಪಿಡಿ: 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಕ್ಯಾಪ್ಸೂಲ್ ಮೇಲೆ ಪ್ರಶಸ್ತಿ, ವಿಮರ್ಶೆಯ ಸಾಲು, "50% ರಿಯಾಯಿತಿ" ಥರದ ಬರಹ ಹಾಕುವಂತಿಲ್ಲ.

ಆಮೇಲೆ ಸಣ್ಣ ವಿವರಣೆ. ಸುಮಾರು 300 ಅಕ್ಷರ ಸಿಗುತ್ತದೆ. ನಮ್ಮ ಆಡು ಹುಲಿ ಆಟವನ್ನು ನೀವು ಕಂಪ್ಯೂಟರ್ ಗೇಮ್ ಮಾಡಿದ್ದೀರಿ ಎಂದುಕೊಳ್ಳಿ. ಹೆಚ್ಚಿನವರು ಬರೆಯುವುದು ಹೀಗೆ: "ಭವ್ಯ ಪರಂಪರೆಯ ಮರೆಯಲಾಗದ ರೋಮಾಂಚಕ ಅನುಭವ." ಇದರಿಂದ ಆಡುವವರಿಗೆ ಏನೂ ತಿಳಿಯಲಿಲ್ಲ. ಹೀಗೆ ಬರೆದು ನೋಡಿ: "ನಿಮ್ಮ ಬಳಿ ಹದಿನೈದು ಆಡು, ಎದುರಿಗೆ ಮೂರು ಹುಲಿ. ಪ್ರತಿ ಸುತ್ತಿಗೆ ಒಂದು ಆಡಿಗೆ ಹೊಸ ಶಕ್ತಿ ಕೊಡಿ. ಹುಲಿಗಳಿಗೆ ಅಲ್ಲಾಡಲು ಜಾಗ ಇಲ್ಲದಂತೆ ಕಟ್ಟಿಹಾಕಿ." ಕೈಯಲ್ಲಿ ಏನು ಮಾಡುತ್ತೇನೆ ಅನ್ನುವುದು ಗೊತ್ತಾಯಿತು, ಅಲ್ವಾ?

ನಮ್ಮ ನೆಲದ ವಿಷಯ ಇಟ್ಟುಕೊಂಡರೆ ಹೊರಗಿನವರು ಕೊಳ್ಳುವುದಿಲ್ಲ ಅನ್ನುವ ಅಂಜಿಕೆ ಬೇಡ. 2023ರಲ್ಲಿ ಬಂದ ವೆಂಬಾ ನೋಡಿ. ಟೊರೊಂಟೊದ ವಿಸೈ ಗೇಮ್ಸ್ ಮಾಡಿದ್ದು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆ ಅದರ ವಸ್ತು. ಇಡ್ಲಿ ಗೊತ್ತಿಲ್ಲದವರಿಗೂ "ಅರ್ಧ ಅಳಿಸಿದ ಅಮ್ಮನ ಅಡುಗೆ ಪುಸ್ತಕ ನೋಡಿ ಅಡುಗೆ ಮಾಡು" ಅನ್ನುವುದು ತಕ್ಷಣ ಅರ್ಥವಾಗುತ್ತದೆ.

ಟ್ರೇಲರ್ ಒಂದು ನಿಮಿಷದ ಒಳಗಿರಲಿ. ಮೊದಲ ಐದು ಸೆಕೆಂಡಿನಲ್ಲಿ ಆಟ ಕಾಣಬೇಕು. ನಿಮ್ಮ ಸ್ಟುಡಿಯೊ ಲೋಗೊ ತಿರುಗುತ್ತಾ ಬರುವುದನ್ನು ನೋಡಲು ಯಾರೂ ಕಾದು ಕೂತಿಲ್ಲ. ಸದ್ದಿಲ್ಲದೆ ನೋಡಿದರೂ ಅರ್ಥವಾಗುವಂತಿರಲಿ. ಸ್ಕ್ರೀನ್‌ಶಾಟ್ ಕನಿಷ್ಠ ಐದು ಬೇಕು, 1920×1080 ಅಳತೆ. ಐದೂ ಬೇರೆ ಬೇರೆ ಜಾಗದ್ದಾಗಿರಲಿ. ಮೆನು ಪುಟದ ಚಿತ್ರ ಹಾಕಿ ಜಾಗ ಹಾಳು ಮಾಡಬೇಡಿ. ಉದ್ದ ವಿವರಣೆಯ ಮಧ್ಯೆ ಎರಡು ಮೂರು ಜಿಫ್, ಅಂದರೆ ತಾನಾಗಿ ಓಡುವ ತುಣುಕು ಹಾಕಿ.

ಗೇಮಿನಲ್ಲಿ ಕನ್ನಡ ಅಕ್ಷರ ಇದ್ದರೆ ಒಂದು ಎಚ್ಚರಿಕೆ. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. "ಅಕ್ಕ" ಅನ್ನುವ ಪದವೇ ಮುರಿದು ಬೀಳುತ್ತದೆ. ಗೊಡೋ 4 ಅನ್ನುವ ಇನ್ನೊಂದು ಎಂಜಿನ್‌ನಲ್ಲಿ ಈ ತೊಂದರೆ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೂ ಕಸದ ಅಕ್ಷರ ಬರುತ್ತದೆ, ಯೂನಿಕೋಡ್‌ಗೆ ಬದಲಿಸಿ. ಮುರಿದ ಕನ್ನಡ ಇರುವ ಸ್ಕ್ರೀನ್‌ಶಾಟ್ ಹಾಕಿದರೆ ಮೊದಲು ನಗುವವರು ನಮ್ಮವರೇ. ಫಾಂಟ್ ಬೇಕಾದರೆ ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಇವೆ. ಎರಡೂ ಮುಕ್ತ ಪರವಾನಗಿಯವು, ಮಾರುವ ಗೇಮಿನಲ್ಲೂ ಬಳಸಬಹುದು.

4. ಟ್ಯಾಗ್ ಹಾಕುವಾಗ ಆಸೆ ಬೇಡ

ಟ್ಯಾಗ್ ಅಂದರೆ ನಿಮ್ಮ ಗೇಮನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಅಂಗಡಿಗೆ ಹೇಳುವ ಚೀಟಿ. ಸ್ಟೀಮ್‌ನಲ್ಲಿ 20ರ ತನಕ ಹಾಕಬಹುದು. ಮೊದಲ ಐದಾರು ಟ್ಯಾಗ್‌ಗಳ ಮೇಲೆ ಹೆಚ್ಚು ಗಮನ ಕೊಡಿ. "ಇಂಡೀ", "ಆ್ಯಕ್ಷನ್", "ಸಾಹಸ" ಎಂದು ಮೊದಲೇ ಹಾಕಿದರೆ ಸಮುದ್ರಕ್ಕೆ ಎಸೆದ ಹಾಗೆ. "ಸರದಿಯಂತೆ ಆಡುವ ತಂತ್ರ", "ಬೋರ್ಡ್ ಗೇಮ್", "ಒಗಟು" ಎಂದು ನಿಖರವಾಗಿ ಹೇಳಿ. ನಿಮ್ಮ ಗೇಮಿನಂಥದೇ ಐದು ಗೇಮ್ ಹುಡುಕಿ, ಅವುಗಳ ಟ್ಯಾಗ್ ಪಟ್ಟಿ ಬರೆದುಕೊಳ್ಳಿ. ಎಲ್ಲದರಲ್ಲೂ ಇರುವುದು ನಿಮಗೂ ಬೇಕು.

ಹೆಚ್ಚು ಜನ ಹುಡುಕುತ್ತಾರೆ ಎಂದು ಸುಳ್ಳು ಟ್ಯಾಗ್ ಹಾಕಿದರೆ ತಪ್ಪು ಜನ ಬರುತ್ತಾರೆ, ಬೈದು ಹೋಗುತ್ತಾರೆ. ಸ್ಟೀಮ್‌ನಲ್ಲಿ ಕೊಂಡ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೇಳುತ್ತಾರೆ ಕೂಡ.

5. ಜನರನ್ನು ಕೂಡಿಸಿ

ವಿಶ್‌ಲಿಸ್ಟ್ ಅಂದರೆ "ಬಂದಾಗ ಹೇಳಿ, ನೋಡುತ್ತೇನೆ" ಎಂದು ಆಡುವವರು ಒತ್ತುವ ಗುಂಡಿ. ಗೇಮ್ ಬಿಡುಗಡೆಯಾದ ದಿನ ಸ್ಟೀಮ್ ಅವರಿಗೆ ತಾನೇ ಮೇಲ್ ಕಳಿಸುತ್ತದೆ. ಮುಂದೆ 20% ಅಥವಾ ಅದಕ್ಕಿಂತ ಜಾಸ್ತಿ ರಿಯಾಯಿತಿ ಕೊಟ್ಟಾಗಲೂ ಕಳಿಸುತ್ತದೆ. ಆದ್ದರಿಂದ ನೀವು ಎಲ್ಲೇ ಏನೇ ಹಾಕಿದರೂ ಕೊನೆಯಲ್ಲಿ ಒಂದೇ ಕೋರಿಕೆ ಇರಲಿ: ವಿಶ್‌ಲಿಸ್ಟ್ ಮಾಡಿ. ಫಾಲೋ ಮಾಡಿ, ಶೇರ್ ಮಾಡಿ, ಡಿಸ್ಕಾರ್ಡ್‌ಗೆ ಬನ್ನಿ ಎಂದು ನಾಲ್ಕು ಕೇಳಿದರೆ ಒಂದೂ ಮಾಡುವುದಿಲ್ಲ.

ಜನ ಎಲ್ಲಿ ಸಿಗುತ್ತಾರೆ? ನನ್ನ ಅನುಭವದಲ್ಲಿ ದುಡ್ಡಿಲ್ಲದವರಿಗೆ ಮೊದಲ ದಾರಿ ಗೇಮ್ ಜಾಮ್. ಕೆಲವೇ ದಿನದಲ್ಲಿ ಕೊಟ್ಟ ವಿಷಯದ ಮೇಲೆ ಗೇಮ್ ಮಾಡುವ ಪಂದ್ಯ ಇದು. ಜನವರಿ ಕೊನೆಯ ಹೊತ್ತಿಗೆ ಗ್ಲೋಬಲ್ ಗೇಮ್ ಜಾಮ್ ನಡೆಯುತ್ತದೆ, ಬೆಂಗಳೂರಲ್ಲೂ ಜನ ಸೇರುತ್ತಾರೆ. ಇಚ್‌ನಲ್ಲಂತೂ ವರ್ಷವಿಡೀ ಜಾಮ್‌ಗಳಿವೆ. ಜಾಮ್‌ನಲ್ಲಿ ಬೇರೆಯವರ ಗೇಮ್ ಆಡಿ, ನಾಲ್ಕು ಸಾಲು ಮನಸ್ಸಿಟ್ಟು ಬರೆಯಿರಿ. ಅವರು ನಿಮ್ಮ ಗೇಮ್ ಆಡಲು ಬಂದೇ ಬರುತ್ತಾರೆ. ಮದುವೆಮನೆಯ ಮುಯ್ಯಿ ಇದ್ದ ಹಾಗೆ.

ಎರಡನೆಯದು ಡೆಮೊ, ಗೇಮಿನ ಮೊದಲ ಭಾಗವನ್ನು ಪುಕ್ಕಟೆ ಆಡಲು ಕೊಡುವುದು. ಮೊದಲು ಇಚ್‌ನಲ್ಲಿ ಹಾಕಿ. ಬ್ರೌಸರ್‌ನಲ್ಲೇ ಆಡುವಂತೆ ಮಾಡಿದರೆ ಇನ್ನೂ ಒಳ್ಳೆಯದು, ಗೊತ್ತಿಲ್ಲದವರ ಫೈಲ್ ಡೌನ್‌ಲೋಡ್ ಮಾಡಲು ಜನ ಹೆದರುತ್ತಾರೆ. ಅಲ್ಲಿ ಆಡಿದವರು ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ಬಿಟ್ಟುಹೋದರು ನೋಡಿ ಸರಿಪಡಿಸಿ. ಆಮೇಲೆ ಅದನ್ನೇ ಸ್ಟೀಮ್‌ನಲ್ಲಿ ಹಾಕಿ. ಡೆಮೊ ಮುಗಿದ ಪರದೆಯಲ್ಲಿ ವಿಶ್‌ಲಿಸ್ಟ್ ಗುಂಡಿ ಇರಲೇಬೇಕು.

ಮೂರನೆಯದು ಸ್ಟೀಮ್ ನೆಕ್ಸ್ಟ್ ಫೆಸ್ಟ್. ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊ ಹಬ್ಬ ಇದು. ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಒಂದು ಗೇಮಿಗೆ ಒಂದೇ ಅವಕಾಶ. ಇಲ್ಲಿ ಎಡವುವವರು ತುಂಬಾ ಜನ. ಪುಟ ತೆರೆದ ಮರುವಾರವೇ ಹಬ್ಬಕ್ಕೆ ನುಗ್ಗುತ್ತಾರೆ. ಕೈಯಲ್ಲಿ ಐವತ್ತು ವಿಶ್‌ಲಿಸ್ಟ್, ಡೆಮೊದಲ್ಲಿ ಐವತ್ತು ದೋಷ. ಜಾತ್ರೆ ಮುಗಿದ ಮೇಲೆ ತೇರು ಕಟ್ಟಿ ಪ್ರಯೋಜನವಿಲ್ಲ. ಬಿಡುಗಡೆಗೆ ಸ್ವಲ್ಪ ಮುಂಚಿನ ಹಬ್ಬವನ್ನು ಆರಿಸಿಕೊಳ್ಳಿ. ಅಷ್ಟರಲ್ಲಿ ಡೆಮೊವನ್ನು ಹತ್ತಾರು ಅಪರಿಚಿತರು ಆಡಿ ಮುಗಿಸಿರಬೇಕು.

ಸಾಮಾಜಿಕ ಜಾಲತಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಕಡೆ ಇರಬೇಕಿಲ್ಲ, ಒಂದೆರಡು ಸಾಕು. ರೆಡ್ಡಿಟ್‌ನ ಪ್ರತಿ ಗುಂಪಿಗೂ ಅದರದೇ ನಿಯಮವಿದೆ. ಬರೀ ಲಿಂಕ್ ಎಸೆದು ಓಡುವವರನ್ನು ಹೊರಹಾಕುತ್ತಾರೆ. ಗೇಮ್ ಮಾಡುವವರ ಗುಂಪಿಗಿಂತ ಆಡುವವರ ಗುಂಪಿಗೆ ಹೋಗಿ. ಒಗಟು ಗೇಮ್ ಮಾಡಿದ್ದರೆ ಒಗಟು ಪ್ರಿಯರು ಎಲ್ಲಿದ್ದಾರೋ ಅಲ್ಲಿ. ನಾವು ಡೆವಲಪರ್‌ಗಳು ಒಬ್ಬರಿಗೊಬ್ಬರು ಲೈಕ್ ಕೊಟ್ಟುಕೊಳ್ಳುತ್ತೇವೆಯೇ ಹೊರತು ಕೊಂಡು ಆಡುವುದು ಕಡಿಮೆ.

ಎಲ್ಲಿಂದ ಎಷ್ಟು ಜನ ಬಂದರು ಎಂದು ತಿಳಿಯಲು ಲಿಂಕಿನ ಕೊನೆಗೆ ಯುಟಿಎಂ ಬಾಲ ಹಚ್ಚಿ. ಇದು ಲಿಂಕಿಗೆ ಅಂಟಿಸುವ ಹೆಸರುಚೀಟಿ. ಸ್ಟೀಮ್ ಇದರ ಲೆಕ್ಕ ಕೊಡುತ್ತದೆ. ಎರಡು ತಿಂಗಳು ನೋಡಿ, ಜನ ಬಾರದ ಜಾಗ ಬಿಟ್ಟುಬಿಡಿ.

6. ಯೂಟ್ಯೂಬರ್‌ಗಳಿಗೆ ಬರೆಯಿರಿ, ಕಳ್ಳರಿಂದ ದೂರವಿರಿ

ಪ್ರೆಸ್ ಕಿಟ್ ಒಂದು ಮಾಡಿಟ್ಟುಕೊಳ್ಳಿ. ಗೇಮಿನ ಹೆಸರು, ಬೆಲೆ, ದಿನಾಂಕ, ಎರಡು ಪ್ಯಾರಾ ವಿವರಣೆ, ಚಿತ್ರಗಳು, ಟ್ರೇಲರ್, ನಿಮ್ಮ ಮೇಲ್ ವಿಳಾಸ ಎಲ್ಲ ಒಂದೇ ಪುಟದಲ್ಲಿ. ನಿಮ್ಮ ಥರದ್ದೇ ಸಣ್ಣ ಗೇಮ್‌ಗಳನ್ನು ಆಡುವ ಮೂವತ್ತು ನಲವತ್ತು ಚಾನೆಲ್ ಹುಡುಕಿ. ಕೋಟಿ ಚಂದಾದಾರರಿರುವವರ ಹಿಂದೆ ಬೀಳಬೇಡಿ. ಐದು ಸಾವಿರ ಜನರಿರುವ ಚಾನೆಲ್ ನಿಮ್ಮ ಮೇಲ್ ಓದುತ್ತದೆ. ಮೇಲ್ ಆರು ಸಾಲು ಮೀರದಿರಲಿ: ನೀವು ಆಡಿದ ಇಂಥ ಗೇಮ್ ಇಷ್ಟವಾಗಿದ್ದರೆ ಇದೂ ಆಗಬಹುದು, ಇದು ಕೀ, ಇದು ಜಿಫ್. ಕೀ ಅಂದರೆ ಗೇಮನ್ನು ಪುಕ್ಕಟೆ ತೆರೆಯುವ ಅಕ್ಷರ ಸಂಖ್ಯೆಗಳ ಸಾಲು.

ಪುಟ ತೆರೆದ ಕೂಡಲೇ ನಿಮಗೂ ಮೇಲ್‌ಗಳು ಬರಲು ಶುರುವಾಗುತ್ತವೆ. "ನಾವು ದೊಡ್ಡ ಕ್ಯುರೇಟರ್, ನಿಮ್ಮ ಗೇಮ್ ತುಂಬಾ ಇಷ್ಟವಾಯಿತು, ನಾಲ್ಕು ಕೀ ಕಳಿಸಿ." ಕ್ಯುರೇಟರ್ ಅಂದರೆ ಸ್ಟೀಮ್‌ನಲ್ಲಿ ಗೇಮ್ ಶಿಫಾರಸು ಮಾಡುವವರು. ನಾನೂ ಮೊದಲ ಸಲ ಖುಷಿಯಿಂದ ಹನ್ನೆರಡು ಕೀ ಕಳಿಸಿದೆ. ಒಂದು ವಿಮರ್ಶೆಯೂ ಬರಲಿಲ್ಲ. ಮೂರನೇ ದಿನ ಕೀ ಮಾರುವ ಜಾಲತಾಣವೊಂದರಲ್ಲಿ ನನ್ನ ಗೇಮ್ ಅರ್ಧ ಬೆಲೆಗೆ ಮಾರಾಟಕ್ಕಿತ್ತು. ಈಗ ನಾನು ಮಾಡುವುದು ಇಷ್ಟು. ಕ್ಯುರೇಟರ್ ಎಂದವರಿಗೆ ಸ್ಟೀಮ್‌ನ ಒಳಗೇ ಇರುವ ಕ್ಯುರೇಟರ್ ಕನೆಕ್ಟ್ ಮೂಲಕ ಮಾತ್ರ ಪ್ರತಿ ಕಳಿಸುತ್ತೇನೆ, ಅಲ್ಲಿ ಕೀ ಇರುವುದಿಲ್ಲ, ಮಾರಲು ಬರುವುದಿಲ್ಲ. ಯೂಟ್ಯೂಬರ್ ಎಂದವರಿಗೆ, ಅವರ ಚಾನೆಲ್ ಪುಟದಲ್ಲಿ ಕೊಟ್ಟ ವಿಳಾಸಕ್ಕೆ ನಾನೇ ಹೊಸದಾಗಿ ಮೇಲ್ ಬರೆಯುತ್ತೇನೆ. ಮೇಲ್ ವಿಳಾಸದಲ್ಲಿ ಒಂದು ಅಕ್ಷರ ಬದಲಿಸಿ ದೊಡ್ಡವರ ಹೆಸರಿನಲ್ಲಿ ಬರೆಯುವವರು ಬಹಳ.

ದುಡ್ಡು ಕೊಟ್ಟು ವಿಮರ್ಶೆ ಕೊಳ್ಳುವುದು, ಗೇಮಿನಲ್ಲಿ ನಾಣ್ಯ ಕೊಡುತ್ತೇವೆ ವಿಮರ್ಶೆ ಬರೆಯಿರಿ ಅನ್ನುವುದು ಎರಡೂ ಸ್ಟೀಮ್ ನಿಯಮಕ್ಕೆ ವಿರುದ್ಧ. ಗೇಮೇ ತೆಗೆದುಹಾಕಿಯಾರು.

7. ಬೆಲೆ

ಡಾಲರ್ ಬೆಲೆ ಹಾಕಿದರೆ ಸ್ಟೀಮ್ ಬೇರೆ ದೇಶಗಳ ಬೆಲೆಯನ್ನು ತಾನೇ ಸೂಚಿಸುತ್ತದೆ. ರೂಪಾಯಿಯೂ ಅದರಲ್ಲಿದೆ. ಕಣ್ಣುಮುಚ್ಚಿ ಒಪ್ಪಬೇಡಿ, ಒಂದೊಂದನ್ನೂ ನೋಡಿ. ನಮ್ಮ ಹುಡುಗರು ಒಂದು ಸಿನಿಮಾ ಟಿಕೆಟ್ ದುಡ್ಡು ಕೊಟ್ಟಾರು, ಅದಕ್ಕಿಂತ ಹೆಚ್ಚಾದರೆ ಸೇಲ್ ಬರಲಿ ಎಂದು ಕಾಯುತ್ತಾರೆ.

ಅತಿ ಕಡಿಮೆ ಬೆಲೆ ಇಡುವುದು ಇನ್ನೊಂದು ತಪ್ಪು. 1 ಡಾಲರ್‌ನ ಗೇಮಿಗೆ ರಿಯಾಯಿತಿ ಕೊಡಲು ಜಾಗವೇ ಇರುವುದಿಲ್ಲ. ನೋಡಿದವರಿಗೂ ಇದೇನೋ ಕಳಪೆ ಇರಬೇಕು ಅನಿಸುತ್ತದೆ. ಬಿಡುಗಡೆ ದಿನ 10–15% ರಿಯಾಯಿತಿ ಇಡಿ. ಅದು ಮುಗಿದ ಮೇಲೆ 30 ದಿನ ಮತ್ತೆ ರಿಯಾಯಿತಿ ಕೊಡುವಂತಿಲ್ಲ. ಹೀಗಾಗಿ ಮುಂದಿನ ದೊಡ್ಡ ಸೇಲ್ ಯಾವಾಗ ಎಂದು ಲೆಕ್ಕ ಹಾಕಿ ದಿನಾಂಕ ಗೊತ್ತು ಮಾಡಿ. ಸ್ಟೀಮ್‌ಗೆ ವರ್ಷಕ್ಕೆ ನಾಲ್ಕು ದೊಡ್ಡ ಸೇಲ್: ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ.

ಇಚ್‌ನಲ್ಲಿ "ಇಷ್ಟ ಬಂದಷ್ಟು ಕೊಡಿ" ಎಂದೂ ಇಡಬಹುದು. ಕನಿಷ್ಠ ಬೆಲೆ ಸೊನ್ನೆ, ಬೇಕಾದವರು ಕೊಡುತ್ತಾರೆ. ಸಣ್ಣ ಗೇಮಿಗೆ, ಮೊದಲ ಅಸೆಟ್‌ಗೆ ಇದು ಒಳ್ಳೆಯದು.

8. ಬಿಡುಗಡೆಯ ವಾರ

ಮಂಗಳವಾರದಿಂದ ಗುರುವಾರದ ಒಳಗೆ ಬಿಡಿ. ದೊಡ್ಡ ಸೇಲ್ ಶುರುವಾಗುವ ದಿನ ಬೇಡ. ಅಮೆರಿಕದಲ್ಲಿ ಬೆಳಿಗ್ಗೆ ಅಂದರೆ ನಮಗೆ ರಾತ್ರಿ, ನಿದ್ದೆಗೆಡಲು ತಯಾರಾಗಿ.

ಸ್ಟೀಮ್‌ನಲ್ಲಿ ಹತ್ತು ವಿಮರ್ಶೆ ಬರುವ ತನಕ "ಧನಾತ್ಮಕ" ಎಂಬ ಅಂಕ ಪುಟದಲ್ಲಿ ಕಾಣುವುದಿಲ್ಲ. ಈ ಹತ್ತು ಸ್ಟೀಮ್‌ನಲ್ಲೇ ದುಡ್ಡು ಕೊಟ್ಟು ಕೊಂಡವರದ್ದಾಗಿರಬೇಕು, ಕೀ ಪಡೆದವರ ವಿಮರ್ಶೆ ಅಂಕಕ್ಕೆ ಸೇರುವುದಿಲ್ಲ. ಗೆಳೆಯರಿಗೆ ಕೀ ಹಂಚಿ "ರಿವ್ಯೂ ಹಾಕ್ರೋ" ಎಂದರೆ ಏನೂ ಸಿಗುವುದಿಲ್ಲ ಎಂದಾಯಿತು. ಇಷ್ಟು ದಿನ ಡೆಮೊ ಆಡಿ ಸಲಹೆ ಕೊಟ್ಟವರಿಗೆ "ಇವತ್ತು ಬಂತು, ಕೊಂಡು ಆಡಿದರೆ ಅನಿಸಿದ್ದನ್ನು ಬರೆಯಿರಿ" ಎಂದು ತಿಳಿಸಿ.

ಮೊದಲ ಮೂರು ದಿನ ಹೊಸ ಕೆಲಸ ಯಾವುದೂ ಇಟ್ಟುಕೊಳ್ಳಬೇಡಿ. ಬಂದ ದೋಷ ಅವತ್ತೇ ಸರಿಮಾಡಿ, ಚರ್ಚೆಯ ಪುಟದಲ್ಲಿ ತಿಳಿಸಿ. ಬೈದು ಬರೆದವರ ಜೊತೆ ಜಗಳಕ್ಕೆ ಹೋಗಬೇಡಿ. "ಸರಿಪಡಿಸಿದ್ದೇನೆ, ಮತ್ತೆ ನೋಡಿ" ಎಂಬ ಒಂದು ಸಾಲಿಗೆ ಕೆಟ್ಟ ವಿಮರ್ಶೆ ಒಳ್ಳೆಯದಾಗಿದ್ದನ್ನು ನಾನು ಕಂಡಿದ್ದೇನೆ.

9. ಅಸೆಟ್ ಮಾರುವವರಿಗೆ ಬೇರೆ ನಾಲ್ಕು ಮಾತು

ಗೇಮ್ ಕೊಳ್ಳುವವರಿಗೆ ಆಸೆ, ಅಸೆಟ್ ಕೊಳ್ಳುವವರಿಗೆ ಅವಸರ. ನಾಳೆ ಮುಗಿಸಬೇಕಾದ ಗೇಮಿಗೆ ಇವತ್ತು ಒಂದು ಹಳ್ಳಿಯ ಚಿತ್ರ ಬೇಕಾಗಿರುತ್ತದೆ. ಅವರು ಹುಡುಕುತ್ತಾರೆ, ಮೂರು ಪುಟ ತೆರೆಯುತ್ತಾರೆ, ಒಂದು ಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಹೆಸರೇ ಪ್ರಚಾರ. ಮಲೆನಾಡಿನ ಹೆಂಚಿನ ಮನೆಗಳ ಚಿತ್ರ ಬರೆದಿದ್ದೀರಿ ಎಂದುಕೊಳ್ಳಿ. ಹೆಸರು ಬರೀ "ಮಲೆನಾಡು" ಎಂದಿದ್ದರೆ ಪೋಲೆಂಡಿನಲ್ಲಿ ಕೂತವರು ಅದನ್ನು ಹುಡುಕುವುದಿಲ್ಲ. "ಮಲೆನಾಡು: ಟಾಪ್ ಡೌನ್ ವಿಲೇಜ್ ಟೈಲ್‌ಸೆಟ್ 16×16" ಎಂದು ಇಂಗ್ಲಿಷಿನಲ್ಲಿ ಇಡಿ. ಟೈಲ್‌ಸೆಟ್ ಅಂದರೆ ನೆಲ, ಗೋಡೆ, ಮರ ಎಂದು ಚೌಕಚೌಕವಾಗಿ ಜೋಡಿಸಬಹುದಾದ ಚಿತ್ರಗಳ ಕಟ್ಟು. ಟಾಪ್ ಡೌನ್ ಅಂದರೆ ಮೇಲಿನಿಂದ ನೋಡಿದಂತೆ ಬರೆದದ್ದು. 16×16 ಎನ್ನುವುದು ಒಂದು ಚೌಕದ ಅಳತೆ, ಪಿಕ್ಸೆಲ್‌ನಲ್ಲಿ.

ಪುಟದ ಮೊದಲ ಚಿತ್ರದಲ್ಲಿ ಬಿಡಿಬಿಡಿ ಚೌಕಗಳನ್ನು ತೋರಿಸಬೇಡಿ. ಅವುಗಳಿಂದ ಕಟ್ಟಿದ ಪೂರ್ತಿ ಹಳ್ಳಿ ತೋರಿಸಿ: ಅಂಗಳ, ತುಳಸಿಕಟ್ಟೆ, ಹಟ್ಟಿ, ಮಳೆ. ಕೊಳ್ಳುವವರು ತಮ್ಮ ಗೇಮನ್ನು ಅದರೊಳಗೆ ಕಾಣಬೇಕು. ಕೆಳಗೆ ಪಟ್ಟಿ ಕೊಡಿ. ಒಟ್ಟು ಎಷ್ಟು ಚಿತ್ರ, ಯಾವ ಫೈಲ್ ಬಗೆ, ಮೂಲ ಫೈಲ್ ಇದೆಯೋ ಇಲ್ಲವೋ, ಯಾವ ಎಂಜಿನ್‌ನಲ್ಲಿ ಪರೀಕ್ಷಿಸಿದ್ದೀರಿ. 3ಡಿ ಆದರೆ ಪಾಲಿಗಾನ್, ಅಂದರೆ ಮಾದರಿಯ ಮೇಲ್ಮೈ ಕಟ್ಟಿರುವ ಚಪ್ಪಟೆ ತುಂಡುಗಳ ಸಂಖ್ಯೆ. ಯೂನಿಟಿ ಅಂಗಡಿ ಮುಖಚಿತ್ರಗಳನ್ನು ಕರಾರುವಾಕ್ಕಾಗಿ ಕೇಳುತ್ತದೆ, 160×160, 420×280, 1950×1300 ಹೀಗೆ.

ಒಂದು ಪಾಲನ್ನು ಪುಕ್ಕಟೆ ಕೊಡಿ. ನೆದರ್‌ಲ್ಯಾಂಡ್ಸ್‌ನ ಕೆನ್ನಿ ಅನ್ನುವ ಹೆಸರು ಗೇಮ್ ಮಾಡುವವರಿಗೆಲ್ಲ ಗೊತ್ತು. ಸಾವಿರಾರು ಅಸೆಟ್‌ಗಳನ್ನು ಸಿಸಿ0 ಪರವಾನಗಿಯಲ್ಲಿ, ಅಂದರೆ ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಹಂಚಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಇಚ್‌ನಲ್ಲಿ ಮಾರುತ್ತಾರೆ ಕೂಡ. ಬಿಡಿಯಾಗಿ ಪುಕ್ಕಟೆ ಸಿಗುವುದನ್ನೇ ಜನ ದುಡ್ಡು ಕೊಟ್ಟು ಒಟ್ಟಿಗೆ ಕೊಳ್ಳುತ್ತಾರೆ, ಅನುಕೂಲಕ್ಕೆ. ನೀವು ಎಲ್ಲ ಕೊಡಬೇಕಿಲ್ಲ. ನೂರರಲ್ಲಿ ಹದಿನೈದು ಕೊಡಿ.

ಪರವಾನಗಿಯನ್ನು ಕಾನೂನಿನ ಭಾಷೆಯಲ್ಲಿ ಬರೆಯಬೇಡಿ. "ಮಾರುವ ಗೇಮಿನಲ್ಲಿ ಬಳಸಬಹುದು, ಬದಲಿಸಬಹುದು, ಅಸೆಟ್ ಆಗಿಯೇ ಮರುಮಾರಾಟ ಮಾಡುವಂತಿಲ್ಲ" ಎಂದರೆ ಸಾಕು. ಕಟ್ಟಿನ ಒಳಗಿರುವ ಪ್ರತಿ ಫಾಂಟ್, ಪ್ರತಿ ಸದ್ದು ನಿಮ್ಮದೇ ಆಗಿರಬೇಕು, ಇಲ್ಲವೇ ಹಂಚಲು ಅನುಮತಿ ಇರಬೇಕು. ಸಂಗೀತದ ಕಟ್ಟಿಗೆ ಒಂದು ಉದಾಹರಣೆ: ಬಸವಣ್ಣನವರ ವಚನಕ್ಕೆ ಈಗ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿದ ಇತ್ತೀಚಿನ ರೆಕಾರ್ಡಿಂಗ್‌ಗೆ ಹಕ್ಕಿದೆ. ನೀವೇ ಹಾಡಿಸಿ, ಹಾಡಿದವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಎಐ ಬಳಸಿದ್ದರೆ ಮುಚ್ಚಿಡಬೇಡಿ. ಇಚ್ 2024ರ ನವೆಂಬರ್‌ನಿಂದ ಅಸೆಟ್ ಮಾರುವವರು ಅದನ್ನು ಗುರುತು ಹಾಕಿ ತಿಳಿಸಲೇಬೇಕು ಎಂದಿದೆ. ಸ್ಟೀಮ್ ಕೂಡ ಅದೇ ವರ್ಷದ ಜನವರಿಯಿಂದ ಗೇಮ್‌ಗಳಿಗೆ ಇದನ್ನು ಕೇಳುತ್ತಿದೆ.

ಇಚ್‌ನಲ್ಲಿ ಹೊಸ ಖಾತೆಯ ಮೊದಲ ಪುಟ ಹುಡುಕಾಟದಲ್ಲಿ ತಕ್ಷಣ ಕಾಣದೇ ಇರಬಹುದು, ಅವರು ಪರಿಶೀಲಿಸುತ್ತಾರೆ. ಗಾಬರಿಯಾಗಿ ಅದನ್ನೇ ಅಳಿಸಿ ಮತ್ತೆ ಮತ್ತೆ ಹಾಕಬೇಡಿ.

10. ಆಮೇಲಿನ ತಿಂಗಳುಗಳು

ಸ್ಟೀಮ್ ಪ್ರತಿ ಗೇಮಿಗೆ ಐದು "ವಿಸಿಬಿಲಿಟಿ ರೌಂಡ್" ಕೊಡುತ್ತದೆ. ದೊಡ್ಡ ಅಪ್‌ಡೇಟ್ ಮಾಡಿದಾಗ ಇದನ್ನು ಬಳಸಿದರೆ ನಿಮ್ಮ ಗೇಮನ್ನು ಅಂಗಡಿಯ ಮುಖಪುಟದಲ್ಲಿ ಇನ್ನೊಂದಷ್ಟು ಜನರಿಗೆ ತೋರಿಸುತ್ತಾರೆ. ಸಣ್ಣಪುಟ್ಟ ದೋಷ ಸರಿಪಡಿಸಿದ್ದಕ್ಕೆಲ್ಲ ಖರ್ಚು ಮಾಡಬೇಡಿ. ಹೊಸ ಹಂತ, ಹೊಸ ಭಾಷೆ ಸೇರಿಸಿದಾಗ ತೆಗೆಯಿರಿ, ಅದೇ ದಿನ 20% ರಿಯಾಯಿತಿಯನ್ನೂ ಜೋಡಿಸಿ. ವಿಶ್‌ಲಿಸ್ಟ್ ಮಾಡಿ ಮರೆತವರಿಗೆ ಮೇಲ್ ಹೋಗುತ್ತದೆ.

ಇಚ್‌ನಲ್ಲಿ ಡೆವ್‌ಲಾಗ್ ಬರೆಯಿರಿ, ಅಂದರೆ ಏನು ಬದಲಾಯಿತು ಎನ್ನುವ ದಿನಚರಿ. ಫಾಲೋ ಮಾಡಿದವರಿಗೆ ಅದು ಹೋಗುತ್ತದೆ. ಹಾಗೆಯೇ ಬೇರೆ ಮಾರುವವರ ಜೊತೆ ಸೇರಿ ಬಂಡಲ್ ಮಾಡಿ, ಅಂದರೆ ಐದಾರು ಜನರ ಸರಕು ಒಂದೇ ಬೆಲೆಗೆ. ನಿಮ್ಮ ಹೆಂಚಿನ ಮನೆ, ಇನ್ನೊಬ್ಬರ ಜಾನುವಾರು, ಮತ್ತೊಬ್ಬರ ಮಳೆಯ ಸದ್ದು ಒಟ್ಟಿಗೆ ಚೆನ್ನಾಗಿ ಹೋಗುತ್ತವೆ. ಅವರ ಗಿರಾಕಿಗಳು ನಿಮಗೆ, ನಿಮ್ಮವರು ಅವರಿಗೆ. ಪಾಲು ಹೇಗೆ ಎಂದು ಮೊದಲೇ ಬರಹದಲ್ಲಿ ಮಾತಾಡಿಕೊಳ್ಳಿ, ಗೆಳೆಯರಾದರೂ ಸರಿ.

ಆ ಹನ್ನೊಂದು ಜನ ನೋಡಿದ ಗೇಮಿನವರಿಗೆ ನಾನು ಕೊಟ್ಟ ಉತ್ತರವೂ ಹೇಳಿಬಿಡುತ್ತೇನೆ, ನಿಮ್ಮದೂ ಆಗಲೇ ಬಿಡುಗಡೆಯಾಗಿದ್ದರೆ ಬೇಕಾದೀತು. ಈ ವಾರ ಮುಖಚಿತ್ರ ಬದಲಿಸಿ. ಮುಂದಿನ ವಾರ ಮೊದಲ ಹತ್ತು ನಿಮಿಷದ ಆಟವನ್ನು ಬ್ರೌಸರ್‌ನಲ್ಲಿ ಪುಕ್ಕಟೆ ಹಾಕಿ. ತಿಂಗಳೊಳಗೆ ಒಂದು ಜಾಮ್‌ಗೆ ಹೋಗಿ, ಇಪ್ಪತ್ತು ಜನರ ಗೇಮ್ ಆಡಿ ಬರೆಯಿರಿ. ಅದಾದ ಮೇಲೆ ನನಗೆ ಮತ್ತೆ ಲೆಕ್ಕ ಕಳಿಸಿ, ನೀವೇ ನೋಡಿದ ನಾಲ್ಕು ಸಲ ಕಳೆದು.